ತೊಳೆದದ್ದು ಒಂದು

ಬೆಟಗೇರಿ ಹೈಸ್ಕೂಲಿನ ವಿಜ್ಞಾನದ ಖೋಲ್ಯಾಗ
ಹನ್ನೊಂದು ವರ್ಷ ನಾ ಗಾಜು ತೊಳದೀನಿ.
ಬೀಕರು, ಪ್ರನಾಳ, ಮೂಗು ಮುರದ ಬ್ಯುರೆಟ್ಟು.
ಒಡದ್ರ ಪಗಾರದಾಗ ಹಿಡೀತಾರಂತ
ಕೂಸಿಗೆ ಎರದಂಗ ಎರೀತೀನಿ.
ಬೋರ್ಡು ಒರಸೂದೂ ನಂದೇ ಕೆಲಸ.

ಆವತ್ತು ಹೂಲಿ ಅಕ್ಕೋರು ಬರದಿದ್ರು:
ಜೀವ ಇದ್ದದ್ದು ಉಣ್ಣತೈತಿ, ಉಸರಾಡತೈತಿ,
ಬೆಳೀತೈತಿ, ಮುಟ್ಟಿದ್ರ ತಿಳಕೋತೈತಿ,
ತನ್ನಂಥಾದ್ದನ್ನ ಹಡೀತೈತಿ.
ಪುಸ್ತಕದಾಗ ಮಾತು ಬ್ಯಾರೆ. ಅಕ್ಕೋರು ಹೇಳಿದ್ದು ಹಿಂಗ.

ಮೂರನೇ ಬಾಕಿನಿಂದ ತುಳಜಾ ಕಬಾಡಿ ಎದ್ದು ನಿಂತ್ಲು.
ಅವರದು ಸ್ಟೇಶನ್ ಹಾದ್ಯಾಗ ಸಾವಜಿ ಖಾನಾವಳಿ.
"ನಮ್ಮ ಒಲ್ಯಾಗಿನ ಬೆಂಕಿ ಕಟಗಿ ತಿಂತೈತ್ರಿ.
ಗಾಳಿ ಬೇಕು. ಬೆಳೀತೈತಿ.
ನೀರು ಬಿದ್ರ ಚುಂಯ್ ಅಂತೈತಿ.
ಒಂದು ಒಲಿಯಿಂದ ನಮ್ಮವ್ವ ಇನ್ನೊಂದು ಹಚ್ಚತಾಳ.
ಅದಕ್ಕ ಜೀವ ಐತೇನ್ರಿ?"

ಹುಡುಗ್ರು ಬಾಕು ಬಡದು ನಕ್ರು.
ಅಕ್ಕೋರು ನಗಲಿಲ್ಲ.
ಖಡು ತಿರುವಿಕೋತ ನಿಂತು
ಬೋರ್ಡಿನ ಮೂಲ್ಯಾಗ ಬರದ್ರು: ಬೆಂಕಿ?
"ಹಜರೇಸಾಬ, ಇದೊಂದು ಒರಸಬ್ಯಾಡ."

ಮೂಲಿ ಬಿಟ್ಟು ಒರಸಕೋತ ಬಂದೆ.
ಗಣಿತ ಬಂತು ಹೋತು, ಹಿಂದಿ ಬಂತು ಹೋತು,
ಬೆಂಕಿ ಅಲ್ಲೇ ಉರೀತಿತ್ತು.

ಸೋಮವಾರ ಎರಡು ಗಾಜಿನ ತಾಟು.
ಒಂದರಾಗ ಹಸಿ ಹೆಸರು, ಒಂದರಾಗ ಕುದಿಸಿದ ಹೆಸರು.
ಅದೇ ನೀರು, ಅದೇ ಕರಿ ಅರಿವಿ, ಅದೇ ಕಿಡಕಿ.
"ಒಂದೇ ಬದಲ ಮಾಡ್ರಿ," ಅಂದ್ರು ಅಕ್ಕೋರು,
"ಓಣ್ಯಾಗ ಕಳ್ಳ್ರು ಇಬ್ರಿದ್ರ
ಯಾರ ಮ್ಯಾಲ ಹೊರಸ್ತೀರಿ?"

ಶುಕ್ರವಾರ
ಹಸಿ ಹೆಸರಿಗೆ ಬಾಲ ಬಂದಿತ್ತು.
ಒಂದು ಎಳಿ ಎಲಿ ಕಿಡಕಿ ಕಡೆ ಹೊಳ್ಳಿತ್ತು.
ಕುದಿಸಿದ್ದರ ಮ್ಯಾಲ ಬೆಳ್ಳಗ ಏನೋ ಹಾಸಿತ್ತು.

ಮಲ್ಲೇಶಿ ನೋಡೂಕಿಂತ ಮೊದಲೇ ಬರದುಬಿಟ್ಟಿದ್ದ:
ಎರಡನೇ ತಾಟು, ಜೀವ ಇಲ್ಲ.
"ಅದು ಕೆಟ್ಟೈತ್ರಿ. ಚೆಲ್ಲೂಣ್ರಿ."
ಅಕ್ಕೋರು ಅವನ ಪೆನ್ನು ಹಿಡದ್ರು.
"ಬೇಕಾದ್ದು ಬರಿಬ್ಯಾಡಪಾ. ಕಂಡದ್ದು ಬರಿ.
ಹೆಸರು ಸತ್ತೈತಿ, ಖರೆ.
ಮ್ಯಾಲ ಬಂದು ಕುಂತಾವರು ಯಾರು?"

ಯಾರಿಗೂ ಗೊತ್ತಿದ್ದಿಲ್ಲ.
ತುಳಜಾ ಮಾತ್ರ ಬರೇ ಗಾಳಿ ನೋಡಕೋತ ನಿಂತ್ಲು,
ಗಾಳ್ಯಾಗ ಯಾರೋ ಇದ್ದಂಗ.
ಬರೂ ಸೋಮವಾರ ಎರಡೂ ತಾಟಿನಾಗ ಕುದಿಸಿದ್ದೇ ಇಡೂಣ್ರಿ,
ಒಂದಕ್ಕ ಮುಚ್ಚಳ ಹಾಕೂಣ್ರಿ ಅಂದ್ಲು.

ಸಾಲಿ ಬಿಡ್ತು. ಮೊಳಕಿ ಹುಡುಗ್ರು ಹಂಚಕೊಂಡು ತಿಂದ್ರು.
"ತೊಳದಿಡು" ಅಂದು ಅಕ್ಕೋರು ಬಸ್ಸಿಗೆ ಹೋದ್ರು.

ಒಂದು ತೊಳದೆ. ಇನ್ನೊಂದಕ್ಕ ಕೈ ಬರಲಿಲ್ಲ.
ಸೂಕ್ಷ್ಮದರ್ಶಕದ ಅರಿವಿ ತಗದೆ.
ಹನ್ನೊಂದು ವರ್ಷ ಅದರ ಧೂಳ ಹೊಡದೀನಿ,
ಒಮ್ಮೆರ ಒಳಗ ಹಣಿಕಿದ್ದಿಲ್ಲ.
ಮೊದಲ ಕಂಡದ್ದು ನನ್ನದೇ ರೆಪ್ಪಿ.
ಆಮ್ಯಾಲ ನೂಲು, ನೂಲಿನ ಮ್ಯಾಲ ನೂಲು,
ತುದಿಗೊಂದು ಕರೀ ಗುಂಡು,
ಗುಂಡಿನ ತುಂಬ ಸಣ್ಣ ಕಾಳು.

ಅರಳಿ!
ನಮ್ಮಪ್ಪ ಅರಳಿ ಹಿಂಜತಿದ್ದ.
ಬಿಲ್ಲಿನ ತಂತಿ ಟುಂವ್ ಟುಂವ್ ಅಂದ್ರ
ಕಲ್ಲಾಗಿದ್ದ ಹಳೇ ಗಾದಿ ಮೋಡ ಆಗತಿತ್ತು.
ಗದಗಿನ ಎಷ್ಟೋ ಮಂದಿ ಅವನ ಕೈ ಮ್ಯಾಲ ಮಲಗ್ಯಾರ.
ಅಂವ ಮಾತ್ರ ಕೆಮ್ಮಕೋತ ಕುಂತೇ ನಿದ್ದಿ ಮಾಡತಿದ್ದ.
ಅವನ ಎದಿ ಫೋಟೋದಾಗೂ ಬೆಳ್ಳಗ ಇದೇ ಅರಳಿ.
"ಇದು ಬೆಳೀತೈತೇನ್ರಿ?" ಅಂತ ಕೇಳಿದ್ದೆ.
ಡಾಕ್ಟರು ಫೋಟೋ ತಿರುಗಿ ಲಕೋಟ್ಯಾಗ ಇಟ್ರು.

ಇಲ್ಲಿ ಹಿಂಜಾವರಿಲ್ಲ, ಬಿಲ್ಲಿಲ್ಲ, ಸಪ್ಪಳಿಲ್ಲ.
ತಾನೇ ಹಿಂಜಕೋತ, ತಾನೇ ಹಾಸಕೋತ ಹೊಂಟೈತಿ
ಸತ್ತ ಹೆಸರಿನ ಮ್ಯಾಲ.
ಉಣ್ಣಾಕತ್ತೈತಿ. ಹಡಿಯಾಕತ್ತೈತಿ.
ಕೆಟ್ಟೈತಿ ಅಂತ ಅದಕ್ಕ ಯಾರೂ ಹೇಳಿಲ್ಲ.

ಕತ್ತಲಾತು. ರಜಿಸ್ಟರಿನಾಗ ದಿನಾ ನಾ ಬರಿಯೂ ಸಾಲು:
ತಾಟು ಎರಡು, ತೊಳೆದಿಟ್ಟಿದೆ.
ಪೆನ್ನು ಎತ್ತಿ ಸ್ವಲ್ಪ ಹೊತ್ತು ಕುಂತೆ.
ಮೂಲ್ಯಾಗಿನ ಬೆಂಕಿ ನನ್ನ ಕಡೇನ ನೋಡತಿತ್ತು.

ಬರದೆ:
ತಾಟು ಎರಡು. ತೊಳೆದದ್ದು ಒಂದು.